ಸಂಕಮ್ಮ ಮತ್ತು ಲಿಂಡಾ ಲೋಮನ್: ಎರಡು ಕುಟುಂಬ ಕಥನಗಳಲ್ಲಿ ಹೆಂಡತಿಯ ಮಾತು

ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಸೀಮೆಯಲ್ಲಿ ಕಂಸಾಳೆಯವರು, ಎಂದರೆ ಮಾದಪ್ಪನ (ಮಲೆ ಮಾದೇಶ್ವರನ) ಹೆಸರಿನಲ್ಲಿ ದೀಕ್ಷೆ ಪಡೆದು ಕಂಚಿನ ತಾಳ ಹಿಡಿದು ಹಾಡುವ ದೇವರಗುಡ್ಡರು, ಉಳಿಸಿಕೊಂಡು ಬಂದಿರುವ ಮಲೆ ಮಾದೇಶ್ವರ ಕಾವ್ಯವು ಹಲವು ‘ಸಾಲು’ಗಳಾಗಿ, ಬಿಡಿಯಾಗಿಯೂ ಹಾಡಬಹುದಾದ ಕಥಾಭಾಗಗಳಾಗಿ, ಹರಡಿಕೊಂಡಿದೆ. ಇದನ್ನು ಪವಾಡಗಳ ಕಾವ್ಯವೆಂದು ಓದುವ ರೂಢಿಯಿದ್ದರೂ ಸಂಕಮ್ಮನ ಸಾಲು ಮೂಲತಃ ಒಂದು ಸಂಸಾರದ ಕಥೆಯಾಗಿದ್ದು, ಅಮೆರಿಕದ ಕುಟುಂಬ ನಾಟಕಗಳ, ಅದರಲ್ಲೂ ಆರ್ಥರ್ ಮಿಲ್ಲರ್ ಬರೆದ ‘ಡೆತ್ ಆಫ್ ಎ ಸೇಲ್ಸ್‌ಮನ್’ (1949) ನಾಟಕದ ಜೊತೆಗಿಟ್ಟು ನೋಡಿದಾಗ ಅವಳ ನಿಲುವಿನ ದಿಟ್ಟತನ ಎದ್ದು ಕಾಣುತ್ತದೆ.

ಎರಡು ಕಥನಗಳಲ್ಲೂ ಗಂಡ ದುಡಿಮೆಗೆಂದು ಮನೆ ಬಿಟ್ಟು ಹೋಗುವವನು, ಹೆಂಡತಿ ಉಳಿಯುವವಳು. ಊರೂರು ಸುತ್ತಿ ಸರಕು ಮಾರುವ ವಿಲ್ಲಿ ಲೋಮನ್ ಬಾಸ್ಟನ್ನಿನಲ್ಲಿ ಬೇರೊಬ್ಬಳ ಸಂಗ ಮಾಡಿದ್ದರೂ ಅದನ್ನು ಕಣ್ಣಾರೆ ಕಂಡವನು ಮಗ ಬಿಫ್. ಮನೆಯಲ್ಲಿ ಹರಿದ ಕಾಲುಚೀಲ ಹೊಲಿಯುತ್ತ ಕೂತ ಲಿಂಡಾಳಿಗೆ ಪ್ರಶ್ನಿಸುವ ಸಂದರ್ಭವೇ ಒದಗುವುದಿಲ್ಲ. ಸಂಕಮ್ಮನ ಮನೆಯಲ್ಲಿ ಸಂದೇಹ ತಿರುವುಮುರುವಾಗಿದೆ: ಕಾಡಿಗೆ ಹೊರಟ ನೀಲೇಗೌಡ, ಮಕ್ಕಳಿಲ್ಲದ ಹೆಂಡತಿಯಿಂದ ಶೀಲದ ಭಾಷೆಯನ್ನು, ಕೈಮೇಲೆ ಕೈಯಿಟ್ಟು ಮಾಡುವ ಆಣೆಯನ್ನು, ಕೇಳುತ್ತಾನೆ. ಅವಳು ಒಪ್ಪುವುದಿಲ್ಲ. ಅದಕ್ಕಾಗಿ ಅವನು ಕೊಡುವ ಹಿಂಸೆಯನ್ನು ಕಾವ್ಯ ಮರೆಮಾಚದೆ ಹಾಡುತ್ತದೆ, ಅವಳಾದರೋ ಮಣಿಯುವುದಿಲ್ಲ.

ಲಿಂಡಾಳನ್ನು ಬರಿಯ ಸಹನೆಯ ಮೂರ್ತಿಯೆಂದು ತೀರ್ಮಾನಿಸುವುದು ಅನ್ಯಾಯ. ತಂದೆಯನ್ನು ಕಡೆಗಣಿಸಿದ ಮಕ್ಕಳನ್ನು ಅವಳು ತರಾಟೆಗೆ ತೆಗೆದುಕೊಳ್ಳುವ ದೃಶ್ಯ ನಾಟಕದ ಅತ್ಯಂತ ಬಲವಾದ ಭಾಗಗಳಲ್ಲೊಂದು. ಆದರೆ ಗಂಡ ಸಾಯಲೆಂದು ಬಚ್ಚಿಟ್ಟ ರಬ್ಬರ್ ಕೊಳವೆಯನ್ನು ಕಂಡೂ, ಅವನಿಗೆ ಅವಮಾನವಾದೀತೆಂದು ಅವನೆದುರು ಬಾಯಿ ಬಿಡದ ಅವಳ ಮಾತೆಲ್ಲ ಗಂಡನ ಪರವಾಗಿಯೇ ಹೊರಡುತ್ತದೆ. ಸಂಕಮ್ಮ ತನ್ನ ಪರವಾಗಿ, ಅದೂ ಗಂಡನ ಮುಖಕ್ಕೇ, ಮಾತಾಡುತ್ತಾಳೆ.

ಆಸ್ತಿಯ ಒಡೆತನವುಳ್ಳ ಹೆಂಗಸರ ಹೋಲಿಕೆಯೂ ಇಲ್ಲಿ ಸಾಧ್ಯವಿದೆ. ಲೊರೇನ್ ಹ್ಯಾನ್ಸ್‌ಬೆರಿಯ ‘ಎ ರೈಸಿನ್ ಇನ್ ದ ಸನ್’ (1959) ನಾಟಕದ ಲೀನಾ, ಸತ್ತ ಗಂಡನ ವಿಮೆಯಿಂದ ಬಂದ 10,000 ಡಾಲರಿನಲ್ಲಿ ಮನೆಗೆ ಮುಂಗಡ ಕೊಟ್ಟು ಉಳಿದುದನ್ನು ಮಗನ ಕೈಗೊಪ್ಪಿಸಿದರೆ, ಮಾದೇಶ್ವರ ಕಾವ್ಯದಲ್ಲೇ ಬರುವ ಬೇವಿನಹಟ್ಟಿ ಕಾಳಮ್ಮ ಭಿಕ್ಷೆಗೆ ಬಂದ ಮಾದಪ್ಪನಿಗೂ ಕೈ ಬಿಚ್ಚುವುದಿಲ್ಲ, ಅದಕ್ಕೆ ತಕ್ಕ ದಂಡವನ್ನೂ ತೆರುತ್ತಾಳೆ.

ಗಂಡನ ಹಿಂಸೆಯಿಂದ ಸಂಕಮ್ಮನನ್ನು ಬಿಡಿಸುವವನು ಮಾದಪ್ಪನೇ. ಮಿಲ್ಲರ್ ನಾಟಕದಲ್ಲಿ ಅಂಥ ಹೊರಗಿನ ಆಸರೆ ಇಲ್ಲ; ಮನೆಯ ಸಾಲದ ಕೊನೆಯ ಕಂತು ತೀರಿದ ದಿನವೇ ಲಿಂಡಾ ಗಂಡನ ಗೋರಿಯ ಮುಂದೆ ಕೂರುತ್ತಾಳೆ. ಆದರೂ ಸಂಕಮ್ಮನಿಗೆ ದೊರೆತ ನ್ಯಾಯ ಪೂರ್ಣವಾದುದೆಂದು ಹೇಳಲಾಗದು, ಏಕೆಂದರೆ ಅದು ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ವರವಾಗಿ ಬರುತ್ತದೆ, ಆ ಮಕ್ಕಳೂ ಮಾದಪ್ಪನ ಒಕ್ಕಲಿಗೆ ಸಲ್ಲಬೇಕಾಗುತ್ತದೆ.