ನೊಗದ ನುಣುಪು, ಮರದ ಧೂಳು

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗದ ಸೀಮೆಯ ಹಳ್ಳಿಗಳಲ್ಲಿ ಬಡಗಿಗೆ ನುಣುಪು ಎಂದರೆ ಅಂದಚಂದದ ಮಾತಾಗಿರಲಿಲ್ಲ. ನೊಗದಲ್ಲಿ ಒಂದು ಸಿಬಿರು ಉಳಿದರೆ ಎತ್ತಿನ ಹೆಗಲು ಹುಣ್ಣಾಗುತ್ತಿತ್ತು. ನೇಗಿಲ ಮೇಣಿ ಒರಟಾದರೆ ರೈತನ ಅಂಗೈಗೆ ಬೊಬ್ಬೆ. ಹಾಗಾಗಿ ಕೈ ತಾಗುವ, ಹೆಗಲು ತಾಗುವ ಜಾಗಗಳಿಗಷ್ಟೇ ಉಪಚಾರ. ಬಾಚಿಯಲ್ಲಿ ಕೆತ್ತಿ, ಒಡೆದ ಗಾಜಿನ ಚೂರಿನ ಅಂಚಿನಿಂದ ಹೆರೆದು, ಎಣ್ಣೆ ಸವರಿದರೆ ಮುಗಿಯಿತು. ಗಾಡಿಯ ಮೂಕಿಯ ಮೇಲೋ ಕೂರಿಗೆಯ ಮೇಲೋ ಬಾಚಿಯ ಗುರುತು ಉಳಿದರೆ ಯಾರದೂ ತಕರಾರಿಲ್ಲ. ಬಡಗಿ ಹನ್ನೆರಡು ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣದಿಂದ ಕಾಳು ಬರುತ್ತಿತ್ತು. ಆಯ ಕೊಡುವವನಿಗೆ ಬೇಕಿದ್ದದ್ದು ಬಾಳಿಕೆ.

ಆಗಿನ ಅಪಾಯ ಕಣ್ಣಿಗೆ ಕಾಣುವಂಥದು. ಮರವನ್ನು ಕಾಲಲ್ಲಿ ಅದುಮಿ ಬಾಚಿ ಬೀಸುವವನ ಹೆಬ್ಬೆರಳು ಸದಾ ಏಟಿನ ಹತ್ತಿರವೇ.

ಹೊಳಪಿನ ಕಸುಬು ಬೇರೆ ಕಡೆ ಬೆಳೆದಿತ್ತು. ಚನ್ನಪಟ್ಟಣದಲ್ಲಿ ತಿರುಗುವ ಗೊಂಬೆಗೆ ಅರಗು ಹಿಡಿಸಿ, ಕೇದಗೆ ಜಾತಿಯ ಗಿಡದ ಎಲೆಯಿಂದ ಉಜ್ಜುತ್ತಾರೆ. ಕಾಡಿನ ಗರಗತ್ತಿ ಮರದ ಒರಟು ಎಲೆಯೂ ಮರ ತಿಕ್ಕಲು ಬಳಕೆಯಲ್ಲಿತ್ತು.

1833ರಲ್ಲಿ ಲಂಡನ್ನಿನ ಜಾನ್ ಓಕಿ ಗಾಜಿನ ಪುಡಿಯನ್ನು ಕಾಗದಕ್ಕೆ ಅಂಟಿಸಿ ರಾಶಿಗಟ್ಟಲೆ ತಯಾರಿಸತೊಡಗಿದ. ನಮ್ಮವರ ಉಪ್ಪು ಕಾಗದ ಅದೇ ವಂಶದ್ದು. 1954ರಲ್ಲಿ ಮದರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ಶುರುವಾಯಿತು. ಉಜ್ಜುವ ಸಾಮಗ್ರಿ ತೆಂಕಣದಲ್ಲೇ ತಯಾರಾಗತೊಡಗಿತು. ಟ್ರಾಕ್ಟರ್ ಬಂದು ನೊಗದ ಕೆಲಸ ಇಳಿದಂತೆ ಬಡಗಿಯ ಕೈಗೆ ಬಾಗಿಲು, ಕಿಟಕಿ, ಮಂಚ ಬಂದವು. 80ನೇ ನಂಬರಿನಿಂದ ತೋಪಡದ ಗೆರೆ ತೆಗೆದು, 120ರಲ್ಲಿ ಸವರಿ, 220ರಲ್ಲಿ ಎಳೆಯ ಗುಂಟ ತಿಕ್ಕಿದರೇ ಪಾಲಿಷ್ ಕೂರುವುದು.

ತೋಪಡ ಸುರುಳಿ ಬಿಡುತ್ತದೆ, ಅದು ಕಾಲ ಬಳಿ ಬೀಳುತ್ತದೆ. ಉಪ್ಪು ಕಾಗದ ಬಿಡುವುದು ಹಿಟ್ಟಿನಂಥ ಧೂಳು. ಕೈಯಲ್ಲಿ ತಿಕ್ಕುವವರೆಗೆ ಅದಕ್ಕೂ ಒಂದು ಮಿತಿ ಇತ್ತು. ಕರೆಂಟಿನ ಸ್ಯಾಂಡರ್ ಆ ಮಿತಿಯನ್ನು ಅಳಿಸಿತು. ಅದಕ್ಕಿಂತ ಭಂಡ ಧೈರ್ಯದ್ದು ನಾಲ್ಕಿಂಚಿನ ಗ್ರೈಂಡರ್‌ಗೆ ಉಜ್ಜುವ ಡಿಸ್ಕ್ ಹಾಕಿ, ಅಡ್ಡ ಬರುತ್ತದೆಂದು ಗಾರ್ಡ್ ಬಿಚ್ಚಿಡುವ ರೂಢಿ. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ಯಂತ್ರ ಅದು.

ಧೂಳಿನ ನಿಜ ಬಯಲಾದದ್ದು ಇಂಗ್ಲೆಂಡಿನ ಹೈ ವಿಕಂಬ್‌ನಲ್ಲಿ, ಕುರ್ಚಿ ಮಾಡುವವರ ಊರಲ್ಲಿ. ಅಲ್ಲಿನ ವೈದ್ಯೆ ಎಸ್ಮಿ ಹ್ಯಾಡ್‌ಫೀಲ್ಡ್ ಮರಗೆಲಸದವರಲ್ಲೇ ಮೂಗಿನ ಒಂದು ಅಪರೂಪದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಗಮನಿಸಿದರು. 1968ರಲ್ಲಿ ಅದರ ಅಧ್ಯಯನ ಪ್ರಕಟವಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿತು. ಮೂಗಿಗೆ ಕಟ್ಟಿದ ಟವೆಲ್ ದಪ್ಪ ಹೊಟ್ಟನ್ನು ತಡೆದೀತು, ಈ ಹಿಟ್ಟಿನಂಥ ಧೂಳನ್ನಲ್ಲ. ಗಾಳಿಯಂತ್ರಗಳ ನಾಡಾದ ಚಿತ್ರದುರ್ಗದಲ್ಲಿ, ಶಟರ್ ಎಳೆದ ಮಳಿಗೆಗಿಂತ ತೆರೆದ ಅಂಗಳವೇ ವಾಸಿ.

ಧೂಳು ಏಳುವಲ್ಲೇ ಅದನ್ನು ಹೀರಿ ತೆಗೆಯಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮು ಹೇಳಿತ್ತು. ಆದರೆ ಕರೆಂಟು ಬಳಸುವಲ್ಲಿ ಕನಿಷ್ಠ 10 ಜನ ದುಡಿಯುತ್ತಿದ್ದರಷ್ಟೇ ಅದು ಕಾರ್ಖಾನೆ. ಹಿರಿಯೂರಿನ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರು ಇದ್ದರೆ ಅದು ಆ ಲೆಕ್ಕಕ್ಕೇ ಬರಲಿಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಹೊಸ ಕಾರ್ಮಿಕ ಸಂಹಿತೆ ಆ 10ನ್ನು 20ಕ್ಕೆ ಏರಿಸಿದೆ.