ರೋಗಶೇಷದ ಲೆಕ್ಕ

ಸಾಲದ ಶೇಷ, ಬೆಂಕಿಯ ಶೇಷ, ರೋಗದ ಶೇಷ, ಈ ಮೂರನ್ನೂ ಉಳಿಸಬಾರದೆಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಆದರೆ ರೋಗದ ಶೇಷ ಉಳಿದಿಲ್ಲವೆಂದು ತಿಳಿಯುವುದು ಹೇಗೆ? ಹಾಡ್ಜ್‌ಕಿನ್ ರೋಗದ ಚರಿತ್ರೆ ಬಹುಮಟ್ಟಿಗೆ ಈ ಪ್ರಶ್ನೆಯ ಚರಿತ್ರೆಯೇ ಆಗಿದೆ.

ದುಗ್ಧರಸ ಗ್ರಂಥಿಗಳ ಕ್ಯಾನ್ಸರುಗಳಿಗೆ ಲಿಂಫೋಮ ಎಂದು ಹೆಸರು, ಇದು ಅವುಗಳಲ್ಲೊಂದು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿದ್ದ ಥಾಮಸ್ ಹಾಡ್ಜ್‌ಕಿನ್ನರು 1832ರಲ್ಲಿ ಇದನ್ನು ವರ್ಣಿಸಿದರು. 1865ರಲ್ಲಿ ಸ್ಯಾಮ್ಯುಯೆಲ್ ವಿಲ್ಕ್ಸರು ಅದಕ್ಕೆ ಅವರ ಹೆಸರನ್ನೇ ಇಟ್ಟರು. ಹೆಸರು ಬಂದಿತು, ಮದ್ದು ಬರಲಿಲ್ಲ. ಈ ರೋಗ ತಗುಲಿದವರು ಉಳಿಯುವುದಿಲ್ಲವೆಂದೇ ವೈದ್ಯರು ಬಹುಕಾಲ ನಂಬಿದ್ದರು.

ಆ ನಂಬಿಕೆಯನ್ನು ಅಲುಗಿಸಿದವರು ಕೆನಡದ ಟೊರಾಂಟೋ ನಗರದ ವೈದ್ಯೆ ವೆರಾ ಪೀಟರ್ಸ್. ಕ್ಷಕಿರಣ ಚಿಕಿತ್ಸೆ ಪಡೆದವರ ಹಳೆಯ ದಾಖಲೆಗಳನ್ನು ಪರಿಶೀಲಿಸಿ, 1950ರಲ್ಲಿ ಅವರು ಲೆಕ್ಕವನ್ನು ಮುಂದಿಟ್ಟರು. ರೋಗವು ಮೊದಲ ಹಂತದಲ್ಲಿದ್ದವರ ಪೈಕಿ ನೂರಕ್ಕೆ 88 ಮಂದಿ ಐದು ವರ್ಷವೂ, 79 ಮಂದಿ ಹತ್ತು ವರ್ಷವೂ ಬದುಕಿದ್ದರು. ಹರಡಿದ ರೋಗಕ್ಕೆ ಅಮೆರಿಕದಲ್ಲಿ 1964ರಿಂದ ನಾಲ್ಕು ಔಷಧಗಳನ್ನು ಕೂಡಿಸಿ ಕೊಡಲಾಯಿತು. ಅವುಗಳಲ್ಲೊಂದು ಯುದ್ಧದ ವಿಷಾನಿಲದ ವಂಶಕ್ಕೆ ಸೇರಿದ್ದು! 1970ರ ವರದಿಯಂತೆ ನೂರಕ್ಕೆ ಸುಮಾರು 80 ಮಂದಿಯಲ್ಲಿ ರೋಗದ ಚಿಹ್ನೆಗಳೆಲ್ಲ ಮಾಯವಾದುವು.

ಹಾಗಾದರೆ ಶೇಷವೇ ಉಳಿಯಲಿಲ್ಲವೆ? ಚಿಹ್ನೆ ಮಾಯವಾಗುವುದು ಉಪಶಮನ. ರೋಗ ಮತ್ತೆಂದೂ ಬಾರದಿರುವುದು ಗುಣ. ಇವೆರಡರ ಅಂತರವನ್ನು ತೋರಿಸಬಲ್ಲದ್ದು ಕಾಲವೊಂದೇ. ಮರುಕಳಿಸುವ ರೋಗ ಬಹುತೇಕ ಮೊದಲ ಎರಡು ಮೂರು ವರ್ಷಗಳಲ್ಲೇ ಮರುಕಳಿಸುತ್ತದೆ. ಐದು ವರ್ಷ ದಾಟಿದವರಿಗೆ ಭಯ ಕಡಮೆ. ಆದರೂ ಕೆಲವರಲ್ಲಿ ಹತ್ತು ವರ್ಷಗಳಾಚೆಗೂ ರೋಗ ತಲೆಯೆತ್ತಿದ್ದುಂಟು. ಹಾಗೆ ತಡವಾಗಿ ಬಂದದ್ದು ಅನೇಕ ವೇಳೆ ಮತ್ತೆ ಚಿಕಿತ್ಸೆಗೆ ಬಗ್ಗುತ್ತದೆಂಬುದು ಸಮಾಧಾನದ ಸಂಗತಿ.

ಇನ್ನೊಂದು ಶೇಷ ಚಿಕಿತ್ಸೆಯದೇ. ಎದೆಗೆ ಕಿರಣ ಪಡೆದ ತರುಣಿಯರಲ್ಲಿ ವರ್ಷಗಳ ಮೇಲೆ ಸ್ತನದ ಕ್ಯಾನ್ಸರೂ, ಇತರರಲ್ಲಿ ಹೃದ್ರೋಗವೂ, ಹಳೆಯ ಔಷಧಗಳಿಂದ ರಕ್ತದ ಕ್ಯಾನ್ಸರೂ ಕಾಣಿಸಿಕೊಂಡುವು. ಇದನ್ನರಿತೇ ವೈದ್ಯರು ಕಿರಣದ ಪ್ರಮಾಣವನ್ನೂ ಕ್ಷೇತ್ರವನ್ನೂ ಕಿರಿದುಗೊಳಿಸಿದರು. ಮಿಲಾನಿನ ಬೊನಡೋನ್ನಾ ಅವರು 1975ರಲ್ಲಿ ಪ್ರಕಟಿಸಿದ ಬೇರೊಂದು ಔಷಧಕೂಟ ಬಳಕೆಗೆ ಬಂದಿತು.

ಆದುದರಿಂದ ಗುಣಹೊಂದಿದವರು ಅಂಜಿ ಕೂರಬೇಕಾಗಿಲ್ಲ, ಮರೆತು ಕೂರಲೂ ಬಾರದು. ಯಾವ ಔಷಧ, ಎಲ್ಲಿಗೆ ಎಷ್ಟು ಕಿರಣ ಎಂಬ ಕಾಗದಗಳನ್ನು ಮನೆಯ ಪತ್ರಗಳೊಡನೆ ಜೋಪಾನವಾಗಿಡಲಿ. ಇಪ್ಪತ್ತು ವರ್ಷಗಳ ಮೇಲೆ ಹೊಸ ವೈದ್ಯರ ಬಳಿಗೆ ಹೋದರೂ ಅವನ್ನು ಮೊದಲು ತೋರಿಸಲಿ.