ಎಲುಬು, ಮೂಳೆ, ವಜ್ರಲೇಪ: ‘ಒಸೀನ್’ ಪದಕ್ಕೆ ಕನ್ನಡದಲ್ಲಿರುವ ನೆರೆಹೊರೆ

ಎಲುಬನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ದಿನ ನೆನೆಯಿಟ್ಟರೆ ಅದರ ಸುಣ್ಣದ ಅಂಶ ಕರಗಿಹೋಗುತ್ತದೆ. ಆಕಾರ ಮಾತ್ರ ಹಾಗೆಯೇ ಉಳಿಯುತ್ತದೆ, ಆದರೆ ಈಗ ಅದು ಬಾಗುತ್ತದೆ. ಹೀಗೆ ಉಳಿದ ಕೊಲಾಜನ್ನಿನ ಹಂದರಕ್ಕೆ ರಸಾಯನಶಾಸ್ತ್ರದಲ್ಲಿ ‘ಒಸೀನ್’ ಎಂದು ಹೆಸರು. ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜವಾದರೆ, ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಸಾವಯವ ದ್ರವ್ಯ, ಅದರಲ್ಲಿ ಶೇ. 90ರಷ್ಟು ಕೊಲಾಜನ್. ಈ ವಸ್ತುವಿಗೆ ಕನ್ನಡದಲ್ಲಿ ರೂಢಿಯ ಪದವಿಲ್ಲ. ಇದನ್ನು ಭಾಷೆಯ ಬಡತನವೆಂದು ಬಗೆಯುವ ಮೊದಲು, ಆ ತೆರವಿನ ಸುತ್ತ ಯಾವ ಪದಗಳಿವೆ, ಅವು ಅಲ್ಲಿಗೆ ಹೇಗೆ ಬಂದವು ಎಂಬುದನ್ನು ನೋಡಬೇಕೆಂಬುದು ನಮ್ಮ ವಾದ.

ಕೃಷ್ಣೆಯ ದಂಡೆಯ ಕೊಲ್ಹಾರದಿಂದ ಆರಂಭಿಸೋಣ. ವಿಜಯಪುರ ಸೀಮೆಯ ಆಡುಮಾತಿನಲ್ಲಿ ರೂಢಿಯ ಪದ ‘ಎಲುಬು’. ಇಲ್ಲಿ ವೈದ್ಯರು ‘ಎಲುಬು ಕೀಲು ತಜ್ಞರು’. ದಕ್ಷಿಣದ ಜಿಲ್ಲೆಗಳಲ್ಲಿ ಅವರೇ ‘ಮೂಳೆ ತಜ್ಞರು’. ಈ ಎರಡು ಪದಗಳ ಮೂಲ ಬೇರೆ ಬೇರೆ. ಎಲು, ಎಲುವು, ಎಲುಬು ರೂಪಗಳು ತಮಿಳಿನ ‘ಎಲುಂಬು’, ತುಳುವಿನ ‘ಎಲು’, ತೆಲುಗಿನ ‘ಎಮುಕ’ಗಳೊಡನೆ ಒಂದೇ ಧಾತುವಿಗೆ ಸೇರುತ್ತವೆ, ಎಲ್ಲ ಕಡೆಯೂ ಅರ್ಥ ಒಂದೇ. ‘ಮೂಳೆ’ಯ ಕಥೆ ಹಾಗಲ್ಲ. ತಮಿಳಿನ ‘ಮೂಳೈ’, ಮಲಯಾಳದ ‘ಮೂಳ’ ಎಂದರೆ ಮಿದುಳು, ಮಜ್ಜೆ; ತೆಲುಗಿನ ‘ಮೂಲುಗ’ ಎಂದರೆ ಮಜ್ಜೆ. ಸೋದರ ಭಾಷೆಗಳಲ್ಲಿ ಒಳಗಿನ ಮೆತ್ತನೆಯ ದ್ರವ್ಯವನ್ನು ಹೇಳುವ ಪದ ಕನ್ನಡದಲ್ಲಿ ಹೊರಗಿನ ಗಟ್ಟಿ ವಸ್ತುವನ್ನು ಹೇಳುತ್ತದೆ. ಅಡಕವಾದುದರ ಹೆಸರು ಅಡಗಿಸಿಕೊಂಡುದಕ್ಕೆ ಸಂದ ಲಕ್ಷಣಾರ್ಥ ಪಲ್ಲಟವೆಂದು ಇದನ್ನು ನಾವು ವಿವರಿಸುತ್ತೇವೆ. ಹೀಗೆ ಸಾಗಿದ ಪದದ ಸ್ಥಾನವನ್ನು ಶಿಷ್ಟ ಬರಹದಲ್ಲಿ ಸಂಸ್ಕೃತದ ‘ಮಜ್ಜೆ’ ತುಂಬಿತು.

ಆಯುರ್ವೇದದ ಸಪ್ತಧಾತುಗಳಲ್ಲಿ ಅಸ್ಥಿಯೂ ಮಜ್ಜೆಯೂ ಬೇರೆ ಬೇರೆ ಧಾತುಗಳು. ಸುಶ್ರುತಸಂಹಿತೆಯು ಅಸ್ಥಿಗಳನ್ನು ಐದು ಬಗೆಯಾಗಿ ವಿಂಗಡಿಸಿ, ಮೆತ್ತನೆಯದನ್ನು ‘ತರುಣಾಸ್ಥಿ’ ಎನ್ನುತ್ತದೆ. ಇಂದಿನ ಪಠ್ಯಪುಸ್ತಕಗಳ ‘ಮೃದ್ವಸ್ಥಿ’ ಅದೇ ಕಲ್ಪನೆಯನ್ನು ಮುಂದುವರಿಸಿದೆ. ಆದರೆ ಗಟ್ಟಿ ಎಲುಬಿನೊಳಗೇ ಸುಣ್ಣದೊಡನೆ ಹೆಣೆದುಕೊಂಡಿರುವ ಮೆತ್ತನೆಯ ಹಂದರವನ್ನು ಈ ವಿಂಗಡಣೆ ಮುಟ್ಟುವುದಿಲ್ಲ. ಕಣ್ಣಿಗೆ ಬೇರೆಯಾಗಿ ಕಾಣದ ವಸ್ತುವಿಗೆ ಬೇರೆ ಹೆಸರಿನ ಅಗತ್ಯ ಬೀಳಲಿಲ್ಲ.

ಆ ದ್ರವ್ಯದಿಂದ ದೊರೆಯುವ ಉತ್ಪನ್ನಕ್ಕೆ ಮಾತ್ರ ಹಳೆಯ ಹೆಸರಿದೆ. ತೊಗಲಿನಲ್ಲಿಯೂ ಎಲುಬಿನಲ್ಲಿಯೂ ಇರುವ ಮುಖ್ಯ ಕೊಲಾಜನ್ ಒಂದೇ ಬಗೆಯದು. ನೀರಿನಲ್ಲಿ ಬಹುಕಾಲ ಕುದಿಸಿದರೆ ಅದು ಅಂಟಾಗುತ್ತದೆ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ‘ವಜ್ರಲೇಪ’ವೆಂಬುದು ಮುಖ್ಯವಾಗಿ ಸಸ್ಯದ್ರವ್ಯಗಳ ಕಷಾಯದಿಂದಾದ ಗಾರೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸಕ್ಕೆ ಬರುವಾಗ ಅದೇ ಪದ ಪ್ರಾಣಿಮೂಲದ ಅಂಟಿಗೆ ಸಲ್ಲುತ್ತದೆ: ಎಮ್ಮೆಯ ಹಸಿ ತೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ, ಕಡ್ಡಿಗಳಾಗಿ ಒಣಗಿಸಿ, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಚಿತ್ರದ ಭಿತ್ತಿಗೆ ಬಳಸುವ ವಿಧಾನವನ್ನು ಆ ಗ್ರಂಥ ಹೇಳುತ್ತದೆ. ಕೃಷ್ಣೆಯ ಈ ದಂಡೆಯೂ ಆಗ ಕಲ್ಯಾಣದ ಆಳ್ವಿಕೆಯಲ್ಲಿತ್ತು. ತಮಿಳಿನಲ್ಲಿ ‘ವಚ್ಚಿರಂ’ ಇಂದಿಗೂ ಬಡಗಿಯ ಅಂಟಿನ ಹೆಸರು. ಮರಾಠಿಯ ‘ಸರಸ’, ಹಿಂದಿಯ ‘ಸರೇಸ್’ ಪದಗಳು ಇದೇ ಅಂಟನ್ನು ಫಾರ್ಸಿಯ ‘ಸಿರೀಶ್’ ಮೂಲಕ ಹೆಸರಿಸುತ್ತವೆ.

ಯುರೋಪಿನ ಭಾಷೆಗಳೂ ಇದೇ ದಾರಿಯಲ್ಲಿ ನಡೆದವು. ‘ಜೆಲಾಟಿನ್’ ಲ್ಯಾಟಿನ್ನಿನ ‘ಹೆಪ್ಪುಗಟ್ಟು’ ಎಂಬರ್ಥದ ಕ್ರಿಯಾಪದದಿಂದ ಬಂದಿದೆ. ‘ಕೊಲಾಜನ್’ ಎಂದರೆ ಗ್ರೀಕಿನಲ್ಲಿ ಅಂಟನ್ನು ಹುಟ್ಟಿಸುವುದು. ಎಲುಬು ಎಂಬರ್ಥದ ಲ್ಯಾಟಿನ್ ಪದಕ್ಕೆ ಪ್ರತ್ಯಯ ಹಚ್ಚಿ ‘ಒಸೀನ್’ ಎಂಬುದನ್ನು ಫ್ರೆಂಚರು ಕಟ್ಟಿದ್ದು 19ನೆಯ ಶತಮಾನದ ನಡುಭಾಗದಲ್ಲಿ, ಎಲುಬಿನ ರಾಸಾಯನಿಕ ವಿಶ್ಲೇಷಣೆ ಬೆಳೆದ ಮೇಲೆ. ಅದಕ್ಕೂ ಮೊದಲು ಅವರಿಗೂ ಉತ್ಪನ್ನದ ಹೆಸರೇ ಸಾಕಾಗಿತ್ತು.

ಹಾಗಾದರೆ ಇಂದು ಕನ್ನಡದಲ್ಲಿ ಏನನ್ನು ಬಳಸಬೇಕು? ‘ಎಲುಬಿನ ಹಂದರ’ವನ್ನು ಇಡೀ ಅಸ್ಥಿಪಂಜರ ಆಗಲೇ ಹಿಡಿದಿದೆ. ‘ತಿರುಳು’ ಎಂದರೆ ಮಜ್ಜೆಯೆನಿಸುತ್ತದೆ. ‘ಮೆತ್ತನೆಯ ಎಲುಬು’ ಮೃದ್ವಸ್ಥಿಯತ್ತ ಒಯ್ಯುತ್ತದೆ. ‘ಎಲುಬಿನ ಅಂಟು’ ಉತ್ಪನ್ನವನ್ನು ಹೇಳುತ್ತದೆಯೇ ಹೊರತು ಮೂಲದ್ರವ್ಯವನ್ನಲ್ಲ. ‘ಹೆಪ್ಪು’ ಕೂಡ ಒಗ್ಗದು: ಮಣ್ಣಿನ ಗಡಿಗೆಯ ಕೊಲ್ಹಾರದ ಗಟ್ಟಿ ಮೊಸರಿಗೆ ಹೆಪ್ಪನ್ನು ಹೊರಗಿನಿಂದ ಹಾಕಬೇಕು, ಜೆಲಾಟಿನ್ ತಣಿದಾಗ ತಾನೇ ಗಟ್ಟಿಯಾಗುತ್ತದೆ. ತೆರವು ಉಳಿದಿರುವುದು ಪದಗಳ ಕೊರತೆಯಿಂದಲ್ಲ. ನೆರೆಯ ಪದಗಳೆಲ್ಲ ತಮ್ಮ ತಮ್ಮ ಅರ್ಥದಲ್ಲಿ ಗಟ್ಟಿಯಾಗಿ ನೆಲೆಸಿರುವುದರಿಂದ. ಆದಕಾರಣ ‘ಒಸೀನ್’ ಎಂಬ ಎರವನ್ನು ಉಳಿಸಿಕೊಂಡು, ‘ಖನಿಜ ಕಳೆದ ಎಲುಬು’ ಎಂಬ ವಿವರಣೆಯನ್ನು ಅದರ ಜೊತೆಗಿಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ವಸ್ತು ಹೇಗೆ ದೊರೆಯಿತೆಂಬುದನ್ನು ಈ ವಿವರಣೆಯೇ ತಿಳಿಸುತ್ತದೆ.

ಈ ತೀರ್ಮಾನಕ್ಕೆ ಒಂದು ಮಿತಿಯಿದೆ. ನಾವು ತೆರವೆಂದು ಕರೆದದ್ದು ಬರಹದ ಕನ್ನಡದ ತೆರವು. ವಜ್ರಲೇಪದ ವಿಧಾನ ದೊರೆಯ ಹೆಸರಿನ ಸಂಸ್ಕೃತ ಗ್ರಂಥದಲ್ಲಿ ಉಳಿದುಬಂದಿತು. ತೊಗಲನ್ನು ಸುಲಿದು ಕುದಿಸಿದವರ ಮಾತು ಅದರೊಡನೆ ಉಳಿಯಲಿಲ್ಲ. ಸತ್ತ ದನದ ತೊಗಲು, ಕೊಂಬು, ಎಲುಬುಗಳನ್ನು ಕೈಯಾರೆ ಹದಮಾಡಿದ ಸಮುದಾಯಗಳನ್ನು ಊರು ದೂರವಿಟ್ಟಿತು. ಅವರ ಕಸುಬಿನ ಮಾತುಗಳಿಗೂ ನಿಘಂಟಿನಲ್ಲಿ ದೊರೆತ ಎಡೆ ಕಿರಿದು. ಪರಿಭಾಷೆಯನ್ನು ಟಂಕಿಸುವವರು ಮೊದಲು ಆ ಮನೆಗಳ ಹಿರಿಯರನ್ನು ಕೇಳಬೇಕು. ಅಲ್ಲೊಂದು ಪದ ದೊರೆತರೆ, ನಮ್ಮ ಸೂಚನೆಯನ್ನು ಹಿಂತೆಗೆದುಕೊಳ್ಳಲು ನಾವು ಸಿದ್ಧ.